ಕಾರಣ ಸಿಗದ ಹೃದಯಕ್ಕೆ ಮದ್ದು

ಮಸಿಗೆ ಏಳು ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ನಡುವೆ ಹುಟ್ಟಿ, ಅಲ್ಲಿಯ ಇಲಿಗಳನ್ನೇ ಹಿಡಿದು ಬೆಳೆದ ಕಪ್ಪು ಗಂಡು ಬೆಕ್ಕು ಅದು. ಕಳೆದ ಮಳೆಗಾಲದ ಆರಂಭದಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಡಿಸಲೆಂದು ಮೃಗಾಸ್ಪತ್ರೆಗೆ ಒಯ್ದಾಗ, ಡಾಕ್ಟರು ಸ್ಟೆತಾಸ್ಕೋಪನ್ನು ಅದರ ಎದೆಯ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಇಟ್ಟು ಆಲಿಸಿ, ಹೃದಯದಲ್ಲಿ ಮರ್ಮರ್, ಅಂದರೆ ಬಡಿತದ ಜೊತೆ ಇನ್ನೊಂದು ಹೆಚ್ಚಿನ ಸದ್ದು, ಕೇಳಿಸುತ್ತಿದೆ, ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು ಎಂದರು. ಬೆಕ್ಕು ಆ ಹೊತ್ತಿಗೂ ಲವಲವಿಕೆಯಿಂದಲೇ ಇತ್ತು. ಮನೆಗೆ ಬಂದ ಮೇಲೆ ಎಂದಿನಂತೆ ಹಂಚಿನ ಮಾಡು ಹತ್ತಿ ಕುಳಿತಿತು.

ಸ್ಕ್ಯಾನಿಗೆ ದಿನ ಸಿಗುವ ಮೊದಲು ಗಾಬರಿಯಿಂದ ಒಂದು ಖಾಸಗಿ ಕ್ಲಿನಿಕ್ಕಿಗೂ ಹೋಗಿದ್ದೆ. ಅಲ್ಲಿ ಸದ್ದು ಕೇಳಿದ ಮಾತ್ರಕ್ಕೆ, ಮೈಯ ನೀರಿಳಿಸುವ ಫ್ಯುರೋಸೆಮೈಡನ್ನೂ ಎದೆಬಡಿತ ತಗ್ಗಿಸುವ ಅಟೆನೊಲಾಲನ್ನೂ ಬರೆದುಕೊಟ್ಟರು. ನಾನು ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆನೇ ಹೊರತು ಮದ್ದು ತರಲಿಲ್ಲ. ಹೃದಯ ಸರಿಯಾಗಿದ್ದರೂ ಹೆದರಿಕೆಯಿಂದ ಬಡಿತ ಏರಿದಾಗ ಕೆಲವು ಬೆಕ್ಕುಗಳಲ್ಲಿ ಮರ್ಮರ್ ಕೇಳಿಸುತ್ತದೆ. ಹೃದಯ ತೀರಾ ಕೆಟ್ಟಿದ್ದರೂ ಕೆಲವು ಬೆಕ್ಕುಗಳಲ್ಲಿ ಯಾವ ಸದ್ದೂ ಇರುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬದೆ ಇರುವ ಬೆಕ್ಕಿಗೆ ನೀರಿಳಿಸುವ ಮಾತ್ರೆ ತಿನ್ನಿಸಿದರೆ ಆಗುವುದು ಮೂತ್ರಪಿಂಡಕ್ಕೆ ತೊಂದರೆ ಮಾತ್ರ. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು, ಆದರೆ ಹಾಗೆ ಅಂದಾಜಿನ ಮೇಲೆ ಮದ್ದು ಬರೆಯುವುದನ್ನು ನಾನು ಒಪ್ಪಲಾರೆ.

"ಪುಚ್ಚೆಗೂ ಹಾರ್ಟಿನ ಡಾಕ್ಟ್ರೋ?" ಎಂದು ನೆರೆಮನೆಯ ಅಜ್ಜ ನಕ್ಕರು. ಅವರ ನಗುವಿನಲ್ಲಿ ಕುಹಕವಿರಲಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ಮನುಷ್ಯರಿಗೇ ದಾರಿಯಿಲ್ಲದೆ ಹೋದುದನ್ನು ಕಂಡವರು ಅವರು. ಅದೇ ಗಡಿಯ ತಲಪಾಡಿಯನ್ನು ದಾಟಿ ಬೆಕ್ಕನ್ನು ಬುಟ್ಟಿಯಲ್ಲಿ ಒಯ್ಯುವುದು ಅವರಿಗೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವೇನೂ ಇಲ್ಲ.

ಅಮ್ಮನ ಚಿಂತೆಯೇ ಬೇರೆ. ನಮ್ಮದು ಮೀನು, ಮಾಂಸ ಬೇಯಿಸದ ಮನೆ. ಮಸಿಗೆ ಬಟ್ಟಲಲ್ಲಿ ಬೀಳುತ್ತಿದ್ದುದು ಹಾಲನ್ನ ಅಥವಾ ಮೊಸರನ್ನ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನು, ಇಲಿಗಳಿಂದ, ಅನ್ನದಿಂದಲ್ಲ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸಡಿಲವಾಗುತ್ತದೆ ಎಂಬುದನ್ನೂ, ಅದನ್ನು ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬುದನ್ನೂ ಕ್ಯಾಲಿಫೋರ್ನಿಯಾದ ಪಾಲ್ ಪಿಯೋನ್ ಮತ್ತು ಅವರ ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಇದನ್ನು ಡಾಕ್ಟರ ಬಾಯಿಂದ ಕೇಳಿದ ಅಮ್ಮ, ನಾವೇ ಅದರ ಹೃದಯ ಹಾಳುಮಾಡಿದೆವು ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನಾದರೋ, ಹೇಳಲು ನಾಚಿಕೆಯಾಗುತ್ತದೆ, ತಪ್ಪು ನಮ್ಮದೇ ಆಗಿರಲಿ ಎಂದು ಒಳಗೊಳಗೇ ಬಯಸಿದೆ, ಏಕೆಂದರೆ ಆ ಕಾಯಿಲೆಗೆ ಮದ್ದಿದೆ.

ಮಂಗಳೂರಿನ ಸ್ಕ್ಯಾನಿನಲ್ಲಿ ಕಂಡದ್ದು ಅದರ ವಿರುದ್ಧ. ಹೃದಯ ಹಿಗ್ಗಿರಲಿಲ್ಲ, ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡಭಾಗದ ಕೆಳಕೋಣೆಯ, ಗೋಡೆ ದಪ್ಪಗಾಗಿತ್ತು. ಬೆಕ್ಕಿನಲ್ಲಿ ಆ ಗೋಡೆ ಸಾಮಾನ್ಯವಾಗಿ 5 ಮಿಲಿಮೀಟರಿನೊಳಗೆ ಇರಬೇಕು, 6 ದಾಟಿದರೆ ಕಾಯಿಲೆಯೆಂದೇ ಲೆಕ್ಕ, ಮಸಿಯದು 6.4 ಇತ್ತು. ಅದಕ್ಕಿಂತ ಮುಖ್ಯವಾಗಿ, ಅದರ ಮೇಲಿನ ಕೋಣೆಯಾದ ಎಡ ಹೃತ್ಕರ್ಣವೂ ದೊಡ್ಡದಾಗಿತ್ತು. ಥೈರಾಯ್ಡ್ ಹೆಚ್ಚಾದರೂ ರಕ್ತದೊತ್ತಡ ಏರಿದರೂ ಗೋಡೆ ಹೀಗೆ ದಪ್ಪವಾಗುವುದರಿಂದ ಆ ಎರಡನ್ನೂ ನೋಡಿಸಿದೆವು. ಎರಡೂ ಸರಿಯಾಗಿದ್ದವು. ಬೇರೆ ಯಾವ ಕಾರಣವೂ ಸಿಗದೆ ಗೋಡೆ ದಪ್ಪಗಾದರೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಅಷ್ಟುದ್ದದ ಹೆಸರಿನಲ್ಲಿಯೂ ಕಾರಣ ಏನೆಂಬುದು ಮಾತ್ರ ಇಲ್ಲ.

ಇನ್ನೂ ಹುಡುಕಬಹುದಿತ್ತು. ಮೈನ್ ಕೂನ್ ತಳಿಯಲ್ಲಿ 2005ರಲ್ಲಿ, ರ‍್ಯಾಗ್‌ಡಾಲ್ ತಳಿಯಲ್ಲಿ 2007ರಲ್ಲಿ ಇದಕ್ಕೆ ಸಂಬಂಧಿಸಿದ ವಂಶವಾಹಿ ದೋಷಗಳು ಪತ್ತೆಯಾಗಿವೆ. ಆದರೆ ಅಟ್ಟದಲ್ಲಿ ಹುಟ್ಟಿದ ನಮ್ಮ ಬೆಕ್ಕಿನ ರಕ್ತದಲ್ಲಿ ಅಂಥದ್ದೊಂದು ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಮರುದಿನ ಕೊಡುವ ಮಾತ್ರೆ ಬದಲಾಗುತ್ತದೆಯೇ ಎಂದು ಕೇಳಿದೆ, ಇಲ್ಲ ಎಂದರು. ಅಲ್ಲಿಗೆ ನಾನು ಹುಡುಕಾಟ ನಿಲ್ಲಿಸಿದೆ. ಥೈರಾಯ್ಡಿನ ಪರೀಕ್ಷೆ ಬೇಕಿತ್ತು, ಏಕೆಂದರೆ ಅದರ ಉತ್ತರದ ಮೇಲೆ ಚಿಕಿತ್ಸೆ ನಿಂತಿತ್ತು. ನನ್ನ ಕುತೂಹಲಕ್ಕಾಗಿ, ಬುಟ್ಟಿಯೊಳಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಪ್ರಾಣಿಯನ್ನು ಇನ್ನೊಮ್ಮೆ ಗಡಿ ದಾಟಿಸುವುದು ನ್ಯಾಯವೆನಿಸಲಿಲ್ಲ.

ಹೃತ್ಕರ್ಣ ಹಿಗ್ಗಿದಾಗ ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಮಹಾಧಮನಿಯ ತುದಿಗೆ ಹೋಗಿ ಸಿಕ್ಕಿಕೊಂಡು ಹಿಂಗಾಲುಗಳ ರಕ್ತವನ್ನೇ ತಡೆಯಬಹುದು. ಅದನ್ನು ತಡೆಯಲೆಂದು ಕ್ಲೊಪಿಡೊಗ್ರೆಲ್ ಆರಂಭಿಸಿದೆವು: ಮನುಷ್ಯರ 75 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ. ಇದರ ಪರವಾಗಿರುವ ಬಲವಾದ ಸಾಕ್ಷ್ಯ, ಒಮ್ಮೆ ಹೆಪ್ಪು ಕಟ್ಟಿದ ಬೆಕ್ಕುಗಳಲ್ಲಿ ಅದು ಮರುಕಳಿಸುವುದನ್ನು ಆಸ್ಪಿರಿನ್‌ಗಿಂತ ಹೆಚ್ಚು ಕಾಲ ಮುಂದೂಡಿತು ಎಂಬುದು. ಮೊದಲ ಸಲದ್ದನ್ನೇ ತಡೆಯುತ್ತದೆ ಎಂಬುದು ಅದರಿಂದ ಮಾಡಿಕೊಂಡ ಊಹೆ. ಅದನ್ನು ತಿಳಿದೇ ಒಪ್ಪಿದೆ. ಅಟೆನೊಲಾಲನ್ನು ಮಾತ್ರ ಬೇಡವೆಂದೆ: ರೋಗಲಕ್ಷಣವಿಲ್ಲದ ಬೆಕ್ಕುಗಳ ಆಯುಷ್ಯವನ್ನು ಅದು ಹೆಚ್ಚಿಸಿದ್ದು ಕಂಡುಬಂದಿಲ್ಲ, ಮತ್ತು ದಿನಕ್ಕೆರಡು ಸಲ ಹಿಡಿದು ಬಾಯಿ ತೆರೆಸುವ ಜಗಳದಿಂದ ಬೆಕ್ಕಿಗೆ ನಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ. ಅಮೆರಿಕಾದಲ್ಲಿ ಈ ಕಾಯಿಲೆಗೆಂದೇ ಸಿರೊಲಿಮಸ್ ಮಾತ್ರೆಗೆ 2025ರಲ್ಲಿ ಷರತ್ತಿನ ಅನುಮತಿ ಸಿಕ್ಕಿದೆ ಎಂದು ತಂಗಿಯ ಮಗ ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಬದಿಯಡ್ಕ ಪೇಟೆಗೆ ಬರುವ ದಿನ ಅದರ ವಿಚಾರ ಮಾಡೋಣ.

ಕ್ಲೊಪಿಡೊಗ್ರೆಲ್ ಎಷ್ಟು ಕಹಿಯೆಂದರೆ ಮೊದಲ ದಿನ ಮಸಿ ಅರ್ಧ ಗಂಟೆ ನೊರೆ ಸುರಿಸಿತು. ಈಗ ಖಾಲಿ ಕ್ಯಾಪ್ಸೂಲಿನೊಳಗೆ ಹಾಕಿ, ತುಪ್ಪ ಸವರಿ ನುಂಗಿಸುತ್ತೇವೆ. ಬಟ್ಟಲಲ್ಲಿ ಮೊಸರನ್ನದ ಬದಲು ಪೇಟೆಯ ಬೆಕ್ಕಿನ ಆಹಾರ ಬಂದಿದೆ; ಅದರ ಪೊಟ್ಟಣ ಅಡುಗೆಮನೆಯ ಹೊರಗೆ, ಅಡಿಕೆ ಸುಲಿಯುವ ಜಗಲಿಯಲ್ಲಿರುತ್ತದೆ. ರಾತ್ರಿ ಅದು ಗಾಢ ನಿದ್ದೆಯಲ್ಲಿದ್ದಾಗ ಅಮ್ಮ ಉಸಿರು ಎಣಿಸುತ್ತಾರೆ. ನಿಮಿಷಕ್ಕೆ 30ರ ಒಳಗಿರಬೇಕು. ಕ್ಯಾಲೆಂಡರಿನಲ್ಲಿ ಇದುವರೆಗೆ ಬರೆದಿರುವ ಅಂಕೆಗಳೆಲ್ಲ 20ರಿಂದ 26ರ ನಡುವೆ ಇವೆ.

ಒಂದು ತೀರ್ಮಾನ ಬಾಕಿಯಿದೆ. ಮದ್ದು ಕೊಟ್ಟೂ ಒಂದು ದಿನ ಅದು ಕಿರುಚುತ್ತ, ತಣ್ಣಗಾದ ಹಿಂಗಾಲುಗಳನ್ನು ಎಳೆದುಕೊಂಡು ಬಂದರೆ, ಆ ನೋವನ್ನು ಉದ್ದ ಮಾಡದೆ ಚುಚ್ಚುಮದ್ದಿನಿಂದ ಮಲಗಿಸಿಬಿಡಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಅದನ್ನು ಈಗಲೇ, ಅದು ಚೆನ್ನಾಗಿರುವಾಗಲೇ ನಿಶ್ಚಯಿಸಿಕೊಳ್ಳಬೇಕೆಂಬುದು ನನ್ನ ಹಟ. ಅಮ್ಮನಿಗೆ ಇದನ್ನು ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವರು, ಸ್ವಲ್ಪ ಸುಮ್ಮನಿರು, ಎಣಿಕೆ ತಪ್ಪುತ್ತದೆ ಎಂದರು.