ಕಿರುಚುವ ಕ್ಯಾಸೆಟ್ಟಿನ ಮುಂದೆ ಐದು ನಿಮಿಷ

ಮೊನ್ನೆ ಭಾನುವಾರ ನನ್ನ ಲ್ಯಾಪ್‌ಟಾಪಿನಿಂದ ಒಂದು ವಿಕಾರವಾದ ಸದ್ದು ಬರುತ್ತಿತ್ತು. ಮೊದಲು 'ಪೀಂ' ಎಂದು ಉದ್ದಕ್ಕೆ ಒಂದೇ ಶ್ರುತಿ. ಆಮೇಲೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚರ್ರ್... ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ರೀ, ಏನದು? ಕೆಟ್ಟೋಯ್ತಾ?"

"ಇಲ್ಲ ಕಣೇ, ಲೋಡ್ ಆಗ್ತಿದೆ."

ಅದು 1982ರ ಸದ್ದು. ಆ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರ್ ತಂದಿತು. 16 ಕೆಬಿ ಮೆಮೊರಿಯದ್ದಕ್ಕೆ 125 ಪೌಂಡ್, 48 ಕೆಬಿಯದ್ದಕ್ಕೆ 175. ಕರಿ ಪೆಟ್ಟಿಗೆ, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟೆ, ಅಳಿಸುವ ರಬ್ಬರ್ ಒತ್ತಿದ ಹಾಗಿರುವ ಕೀಗಳು. ಅಕ್ಷರ ಕೂಡಿಸಿ ಟೈಪ್ ಮಾಡುವ ಕಷ್ಟವೂ ಇಲ್ಲ. ಪಿ ಒತ್ತಿದರೆ 'ಪ್ರಿಂಟ್' ಅಂತ ಇಡೀ ಪದ ಬಂದು ಕೂರುತ್ತದೆ, ಜೆ ಒತ್ತಿದರೆ 'ಲೋಡ್'.

ಸಿಂಕ್ಲೇರ್ ಅವರಿಗೆ ಅಗ್ಗದ ಹುಚ್ಚು. ಪರದೆ ಕೊಡಲಿಲ್ಲ, ಮನೆಯ ಟಿವಿ ಇದೆಯಲ್ಲ. ಡಿಸ್ಕ್ ಕೊಡಲಿಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರ್ ಇದೆಯಲ್ಲ. ಹಾಗಾಗಿ ಪ್ರೋಗ್ರಾಂ ಪಾಪ ಸದ್ದಿನ ವೇಷ ಹಾಕಿಕೊಂಡು ಬರಬೇಕಾಯಿತು. ಕಂಪ್ಯೂಟರಿಗೆ ಪ್ರೋಗ್ರಾಂ ಅಂದರೆ ಬರೀ ಸೊನ್ನೆ ಮತ್ತು ಒಂದುಗಳ ಸಾಲು. ಸೊನ್ನೆಗೆ ಒಂದು ಗಿಡ್ಡ ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಇಡೀ ಆಟ ಇಷ್ಟೇ. 48 ಕೆಬಿ ಒಳಗೆ ಹೋಗಲು ಹೆಚ್ಚುಕಡಿಮೆ ಐದು ನಿಮಿಷ.

ಆ ಐದು ನಿಮಿಷ ಸುಮ್ನೆ ಕಳೆಯುವಂಥದ್ದಲ್ಲ. ಟಿವಿಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಓಡುತ್ತವೆ, ಆಮೇಲೆ ನೀಲಿ ಮತ್ತು ಹಳದಿ. ಮಧ್ಯದಲ್ಲಿ ಆಟದ ಚಿತ್ರ ಮೂಡುತ್ತದೆ. ಅದೂ ನೆಟ್ಟಗೆ ಮೇಲಿಂದ ಕೆಳಕ್ಕಲ್ಲ. ಪರದೆಯನ್ನು ಮೂರು ಪಾಲು ಮಾಡಿಕೊಂಡು, ಪ್ರತಿ ಪಾಲಿನಲ್ಲೂ ಎಂಟೆಂಟು ಗೆರೆ ಹಾರಿ ಹಾರಿ. ಗೆರೆಯೆಲ್ಲ ತುಂಬಿದ ಮೇಲೆ ಕೊನೆಗೆ ಬಣ್ಣ ಸರಸರ ಇಳಿಯುತ್ತದೆ. ನಮ್ಮ ಅಮ್ಮ ಹಬ್ಬದ ದಿನ ರಂಗೋಲಿ ಹಾಕುತ್ತಿದ್ದದ್ದೂ ಹೀಗೇ. ಎಳೆ ಮೊದಲು, ಬಣ್ಣ ಆಮೇಲೆ, ಅಲ್ಲಿಯವರೆಗೆ ಯಾರೂ ತುಳಿಯಬಾರದು.

ಇಲ್ಲೂ ಹಾಗೇ. ನಾಲ್ಕೂವರೆ ನಿಮಿಷ ಆದಮೇಲೂ 'ಆರ್ ಟೇಪ್ ಲೋಡಿಂಗ್ ಎರರ್' ಅಂತ ಒಂದು ಸಾಲು ಬಂದು ಎಲ್ಲ ಮಣ್ಣುಪಾಲಾಗಬಹುದು. ಆಗ ವಾಲ್ಯೂಮ್ ಒಂಚೂರು ತಿರುಗಿಸಬೇಕು, ಇಲ್ಲವೇ ಟೇಪಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂ ತಿರುಚಬೇಕು. ಮತ್ತೆ ಮೊದಲಿಂದ.

ಹಾಲೆಂಡಿನವರು ಇನ್ನೂ ಮುಂದಕ್ಕೆ ಹೋದರು. ಹೇಗೂ ಸದ್ದೇ ತಾನೇ, ರೇಡಿಯೋದಲ್ಲೇ ಬಿಡೋಣ ಅಂದರು. ಎನ್‌ಒಎಸ್ ಎಂಬ ಸಂಸ್ಥೆಯ 'ಹಾಬಿಸ್ಕೂಪ್' ಕಾರ್ಯಕ್ರಮದಲ್ಲಿ ಪ್ರೋಗ್ರಾಂಗಳು ಪ್ರಸಾರವಾಗುತ್ತಿದ್ದವು. ಕೇಳುಗರು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಳ್ಳುವುದು, ಕಂಪ್ಯೂಟರಿಗೆ ಹಾಕುವುದು. ಬೇರೆ ಬೇರೆ ಕಂಪನಿಯ ಯಂತ್ರಗಳಿಗೂ ಅರ್ಥವಾಗಲಿ ಅಂತ 'ಬೇಸಿಕೋಡ್' ಎಂಬ ಸಮಾನ ಭಾಷೆಯನ್ನೂ ಮಾಡಿಕೊಂಡಿದ್ದರು. ನಾವು ಚಿತ್ರಗೀತೆ ಹಿಡಿಯಲು ರೇಡಿಯೋ ಮುಂದೆ ಬೆರಳು ಒತ್ತಿ ಕೂತಂತೆ ಅವರು ಆ ಚರ್ರ್ ಹಿಡಿಯಲು ಕೂತಿರುತ್ತಿದ್ದರು.

ನಿಜ ಹೇಳಬೇಕೆಂದರೆ ನನ್ನ ಹತ್ತಿರ ಯಾವತ್ತೂ ಸ್ಪೆಕ್ಟ್ರಮ್ ಇರಲಿಲ್ಲ. ನಾನು ಮುಟ್ಟಿದ ಮೊದಲ ಕಂಪ್ಯೂಟರ್ ಅದರ ಎದುರಾಳಿ, ಅದೇ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. 1984ರ ಹೊತ್ತಿಗೆ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಅವನ್ನು ಶಾಲೆಗಳಿಗೆ ಕೊಡಲು ಶುರು ಮಾಡಿತು. ನಮ್ಮ ಶಾಲೆಗೂ ಬಂತು. ಅದರ ಕೋಣೆ ಅಂದರೆ ದೇವರ ಮನೆ. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಬೇಕು. ಹೆಡ್‌ಮಾಸ್ಟರ್ ಕೋಣೆಯಲ್ಲಿ ಫ್ಯಾನ್, ಇದಕ್ಕೆ ಎಸಿ! ಒಂದು ಯಂತ್ರಕ್ಕೆ ನಾಲ್ಕು ಜನ, ಪಾಳಿ ಬಂದಾಗ ಎಲ್ಲರೂ ಬರೆಯುತ್ತಿದ್ದದ್ದು ಒಂದೇ ಪ್ರೋಗ್ರಾಂ. 10ನೇ ಸಾಲಿನಲ್ಲಿ ನಮ್ಮ ಹೆಸರು ಪ್ರಿಂಟ್ ಮಾಡು, 20ನೇ ಸಾಲಿನಲ್ಲಿ 10ಕ್ಕೆ ವಾಪಸ್ ಹೋಗು. ಪರದೆ ತುಂಬ ನಮ್ಮ ಹೆಸರು ಹರಿಯುತ್ತಿತ್ತು. ಇಂಗ್ಲೆಂಡಿನ ಹುಡುಗರು ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಕಂಪ್ಯೂಟರುಗಳಲ್ಲೂ ಇದನ್ನೇ ಟೈಪ್ ಮಾಡಿ ಓಡಿಹೋಗುತ್ತಿದ್ದರಂತೆ. ಹೆಸರಿನ ಜೊತೆ ಒಂದೆರಡು ಬೈಗುಳವೂ ಇರುತ್ತಿತ್ತಂತೆ.

ಹಾಗಿದ್ದರೆ ಸ್ಪೆಕ್ಟ್ರಮ್‌ನ ಕಿರುಚಾಟಕ್ಕೆ ನಾನ್ಯಾಕೆ ಕಿವಿಗೊಡುತ್ತೇನೆ? ಬಹುಶಃ ಕ್ಯಾಸೆಟ್ಟಿಗಾಗಿ. ಸುತ್ತಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಸರಿಮಾಡಿದ ಕೈ ಇದು. ಯಂತ್ರ ಅವರದು, ಪೆನ್ಸಿಲ್ ನನ್ನದು.

ಈಗ ಹಳೆ ಯಂತ್ರದ ಹಾಗೆ ನಟಿಸುವ ಎಮ್ಯುಲೇಟರುಗಳಿವೆ. ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಬಹುದು. ಆದರೆ ಟೇಪಿನ ಒಂದೊಂದು ಅಲೆಯನ್ನೂ ಹಾಗೇ ಹಿಡಿದಿಡುವ ಫೈಲುಗಳನ್ನು ಜನ ಜೋಪಾನ ಮಾಡಿದ್ದಾರೆ. ಬೇಗ ಲೋಡ್ ಆಗುವ ಸೌಲಭ್ಯವನ್ನು ಬೇಕಂತಲೇ ಆಫ್ ಮಾಡಿ ಐದು ನಿಮಿಷ ಕಾಯುವವರೂ ಇದ್ದಾರೆ. ಆ ಪೆದ್ದರಲ್ಲಿ ನಾನೂ ಒಬ್ಬ. ಇವತ್ತಿಗೂ ಸ್ಪೆಕ್ಟ್ರಮ್‌ಗೆ ಹೊಸ ಆಟ ಬರೆಯುತ್ತಾರೆ, ಕೆಲವರು ಅದನ್ನು ಕ್ಯಾಸೆಟ್ಟಿನಲ್ಲೇ ಮಾರುತ್ತಾರೆ.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತಳು. ಅಷ್ಟೊತ್ತಿಗೆ ಬಣ್ಣ ಇಳಿಯುತ್ತಿತ್ತು. "ಚೆನ್ನಾಗಿದೆ ಕಣ್ರೀ" ಅಂದಳು. ಸದ್ದು ನಿಂತಿತು. ಆಟ ಶುರುವಾಯಿತು.

"ಆಡಿ ಮತ್ತೆ."

"ನಂಗೆ ಆಡೋಕೆ ಬರಲ್ಲ ಕಣೇ" ಎಂದು ಅದನ್ನು ಮುಚ್ಚಿ, ಇನ್ನೊಂದು ಟೇಪ್ ಹಾಕಿದೆ.