ನಮ್ಮ ಮನೆಯಲ್ಲಿ ಯಾರಿಗೂ ನೆಗಡಿಯಿಲ್ಲ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಯಾರಿಗೂ ನೆಗಡಿ ಆಗಿಲ್ಲ. ಕೆಮ್ಮಿಲ್ಲ, ಜ್ವರ ಇಲ್ಲ. ಯಾರೂ ಹೆತ್ತಿಲ್ಲ, ಹೆರುವವರೂ ಯಾರೂ ಇಲ್ಲ. ಇಷ್ಟನ್ನು ಒಂದು ಹಾಳೆ ಮೇಲೆ ದಪ್ಪಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸೋಣ ಅಂದಳು ಮಗಳು. ಅತ್ತೆ ಬೇಡವೇ ಬೇಡ ಅಂದರು. ಹಾಗೆ ಅಂಟಿಸಿದರೆ ಜನ ನಿಂತು ಓದಿ, "ಏನೋ ಆಗಿರಬೇಕು, ಇಲ್ಲಂದ್ರ ಯಾಕ ಬರೀತಿದ್ರು?" ಅನ್ನುತ್ತಾರಂತೆ. ಅತ್ತೆ ಬೀದರಿನಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಗೊತ್ತಿರುತ್ತದೆ.

ಬೆಳಿಗ್ಗೆ ಹಾಲಿಗೆ ಹೋದರೆ ಹಾಲಿನವನು, "ಅಕ್ಕಾ, ಈಗ ಹ್ಯಾಂಗದ?" ಅಂತ ಕೇಳುತ್ತಾನೆ. ಯಾರಿಗೆ ಹ್ಯಾಂಗದ ಅನ್ನುವುದು ಅವನಿಗೂ ಗೊತ್ತಿಲ್ಲ. ತರಕಾರಿ ಬಂಡಿಯವನು ಕೊತ್ತಂಬರಿ ಜೊತೆ ಎರಡು ನಿಂಬೆಹಣ್ಣು ಸುಮ್ನೆ ಚೀಲಕ್ಕೆ ಹಾಕಿ, "ಬಿಸಿನೀರಾಗ ಹಿಂಡಿ ಕೊಡ್ರಿ" ಅಂದ. ಬೀದರಿನ ತರಕಾರಿ ಬಂಡಿಯಲ್ಲಿ ಬಿಟ್ಟಿ ನಿಂಬೆಹಣ್ಣು ಸಿಗಬೇಕಾದರೆ ಕಾಯಿಲೆ ಎಷ್ಟು ದೊಡ್ಡದು ಅಂತ ಸುದ್ದಿಯಾಗಿರಬೇಕು, ನೀವೇ ಯೋಚನೆ ಮಾಡಿ. ನಿಂಬೆಹಣ್ಣು ನಾನು ವಾಪಸ್ ಕೊಡಲಿಲ್ಲ, ಅದು ಬೇರೆ ಮಾತು.

ಇದಕ್ಕೆಲ್ಲ ಕಾರಣ ಒಂದು ಕೇಕು.

ಮಗಳು ಹೈದರಾಬಾದಿನಲ್ಲಿ ಓದುತ್ತಾಳೆ. ಕ್ರಿಸ್‌ಮಸ್ ರಜೆಗೆ ಬರುವಾಗ ಬ್ರೆಡ್ಡಿನ ಆಕಾರದ ಒಂದು ಉದ್ದನೆಯ ಟಿನ್ ಹಿಡಿದುಕೊಂಡೇ ಬಂದಳು. ಅದರಲ್ಲಿ ಜಿಂಜರ್ ಲೋಫ್ ಕೇಕ್ ಮಾಡಬೇಕಂತೆ. ಮೇಲೆ ಕ್ರೀಮಿಲ್ಲ, ಚೆರ್ರಿ ಇಲ್ಲ, ಯಾರ ಹೆಸರೂ ಬರೆಯುವಂತಿಲ್ಲ. ನೋಡಲು ಕಪ್ಪಗೆ, ಮುಟ್ಟಿದರೆ ಅಂಟಂಟು, ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಖಾರ. ಇಂಗ್ಲೆಂಡಿನ ಕಡೆ ಚಳಿಗಾಲದಲ್ಲಿ ಇದನ್ನು ಮಾಡುತ್ತಾರೆ. ಅಲ್ಲಿ ಟ್ರೀಕಲ್ ಅಂತ ಕಾಕಂಬಿಯಂಥ ಕಪ್ಪು ಪಾಕ ಹಾಕುತ್ತಾರೆ. ನಮ್ಮಲ್ಲಿ ಅದೆಲ್ಲಿಂದ ತರೋದು? ಕಪ್ಪು ಬೆಲ್ಲ ಇದೆಯಲ್ಲ, ಅದನ್ನೇ ಕರಗಿಸಿ ಹಾಕೋಣ ಅಂತ ತೀರ್ಮಾನವಾಯಿತು.

ಇನ್ನು ಶುಂಠಿ. ಆ ವಿಷಯದಲ್ಲಿ ಬೀದರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಪಾಲಿಗೆ ಬಂದಿರುವುದೇ ಶುಂಠಿ. ಆದರೆ ಬೆಳೆಯುವುದು ಬೇರೆ, ತಿನ್ನುವುದು ಬೇರೆ. ನಮ್ಮ ಮನೆಗಳಲ್ಲಿ ಶುಂಠಿ ಚಹಾಕ್ಕೆ ಬೇಕು, ಪಲ್ಯಕ್ಕೆ ಬೇಕು, ಗಂಟಲು ಕಟ್ಟಿದರೆ ಬೇಕು. ಬೆಲ್ಲದ ಜೊತೆ ಶುಂಠಿ ಕಂಡರೆ ಮಾತ್ರ ಎಲ್ಲರೂ ತೊಟ್ಟಿಲು ಎಲ್ಲಿದೆ ಅಂತ ಹುಡುಕುತ್ತಾರೆ.

ಗಾಂಧಿ ಗಂಜಿನ ಅಂಗಡಿಯಲ್ಲೇ ಇದರ ಮುನ್ಸೂಚನೆ ಸಿಕ್ಕಿತ್ತು. ಒಣಶುಂಠಿ, ಲವಂಗ, ದಾಲ್ಚಿನ್ನಿ, ಒಂದು ಜಾಜಿಕಾಯಿ, ಒಂದು ಕಿಲೋ ಕಪ್ಪು ಬೆಲ್ಲ ಅಂತ ನಾನು ಹೇಳುತ್ತಾ ಹೋದಂತೆ ಅಂಗಡಿಯವರ ಮುಖ ಗಂಭೀರವಾಗುತ್ತಾ ಹೋಯಿತು. ಕೊನೆಗೆ ಕಟ್ಟುವಾಗ ನಾನು ಕೇಳದ ಒಂದು ಪೊಟ್ಟಣವೂ ಸೇರಿತು. ಏನ್ರೀ ಇದು ಅಂದೆ. "ಹಿಪ್ಪಲಿ. ಇದಿಲ್ದ ಕೆಮ್ಮು ಹೋಗಂಗಿಲ್ರಿ ಅಕ್ಕಾರ." ಕೇಕಿಗೆ ಅಂದೆ. ಅವರು ತಲೆಯಾಡಿಸಿದರು. ಮನೆಯ ಕಷ್ಟ ಎಲ್ಲರ ಮುಂದೆ ಹೇಳಿಕೊಳ್ಳಲು ಇಷ್ಟವಿಲ್ಲ ಪಾಪ, ಅನ್ನುವ ಹಾಗಿತ್ತು ಆ ತಲೆಯಾಡಿಸುವಿಕೆ.

ಮೈದಾ, ಸೋಡಾ, ಪುಡಿಮಾಡಿದ ಮಸಾಲೆ ಜರಡಿ ಹಿಡಿದದ್ದಾಯಿತು. ಹಸಿ ಶುಂಠಿ ತುರಿದದ್ದೂ ಆಯಿತು. ಒಣಗಿದ ಮೇಲೆ ಶುಂಠಿಯ ಖಾರ ಇನ್ನೂ ಜಾಸ್ತಿಯಾಗುತ್ತದೆ, ಬೇಯಿಸಿದರೆ ಮೆತ್ತಗಾಗುತ್ತದೆ, ಅದಕ್ಕೇ ಎರಡೂ ಬೇಕು ಅಂತ ಮಗಳು ಫೋನು ನೋಡಿ ಓದಿದಳು. ಕರಗಿದ ಬೆಲ್ಲ ಮತ್ತು ಬೆಣ್ಣೆಗೆ ಮೊಸರು ಬಿತ್ತು. ಮೊಸರಿನ ಹುಳಿ ಸೋಡಾಕ್ಕೆ ತಾಗಿತು ಅಂದರೆ ಗುಳ್ಳೆ ಏಳಲು ಶುರು. ಆ ಗುಳ್ಳೆ ಸಾಯುವುದರೊಳಗೆ ಟಿನ್ ಓವನ್ನಿಗೆ ಹೋಗಬೇಕು. ಅತ್ತೆ ಅದೇ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ತತ್ತಿ ಹಾಕಿಲ್ಲ ಹೌದಿಲ್ಲೋ?" ಅಂತ ವಿಚಾರಣೆ ಶುರು ಮಾಡಿದರು. ಇಲ್ರಿ ಅಂದೆ. "ಮತ್ತ ಹ್ಯಾಂಗ ಉಬ್ಬತದ?" ಮೊಸರಿನಿಂದ ಅಂದೆ. "ನಮ್ಮ ಮಜ್ಜಿಗಿ ಸಾರು ಎಂದಾದ್ರೂ ಉಬ್ಬ್ಯಾದೇನು?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರನ್ನು ಸುತ್ತಿಕೊಂಡು ಹೋಗಿ ಟಿನ್ ಒಳಗಿಟ್ಟು ಬಾಗಿಲು ಹಾಕಿದೆ. 170 ಡಿಗ್ರಿ, ಹತ್ತಿರ ಹತ್ತಿರ ಒಂದು ಗಂಟೆ. ನಡುವೆ ಕರೆಂಟು ಹೋಯಿತು, ಬಂತು. ಹೋಗದೇ ಇದ್ದಿದ್ದರೆ ಹೇಳಬೇಕಾದ ವಿಷಯ.

ಈಗ ಕಾಕು.

ನಮ್ಮ ಊರಿನ ನಡುಮಧ್ಯೆ ಚೌಬಾರಾ ಅನ್ನುವ ಹಳೆಯ ಗೋಪುರ ಇದೆ. ಹಿಂದೆ ಅದರ ಮೇಲೆ ನಿಂತು ನಾಲ್ಕೂ ದಿಕ್ಕಿಗೆ ಕಾವಲು ಕಾಯುತ್ತಿದ್ದರು. ನಮ್ಮ ಓಣಿಯ ಚೌಬಾರಾ ಎದುರುಮನೆ ಕಾಕು. ಅವರಿಗೆ ಎತ್ತರವೂ ಬೇಕಿಲ್ಲ, ಕಣ್ಣೂ ಬೇಕಿಲ್ಲ. ಮನೆ ಕಟ್ಟೆ ಮೇಲೆ ಕೂತು ಮೂಗಿನಿಂದಲೇ ನೋಡುತ್ತಾರೆ. ಯಾರ ಮನೆಯ ಬ್ಯಾಳಿ ತಳ ಹಿಡಿಯಿತು, ಯಾರು ಹಳೆ ಎಣ್ಣೆಯಲ್ಲೇ ಮತ್ತೆ ಕರಿಯುತ್ತಿದ್ದಾರೆ, ಯಾರ ಮನೆಗೆ ಬೀಗರು ಬಂದು ತುಪ್ಪದ ಡಬ್ಬಿ ಬಿಚ್ಚಿದ್ದಾರೆ, ಎಲ್ಲ ಗೊತ್ತು. ಹಬ್ಬಗಳ ವಿಷಯದಲ್ಲಂತೂ ಕಾಕು ನಡೆದಾಡುವ ಪಂಚಾಂಗ. ರಂಜಾನ್ ಚಂದ್ರ ಯಾವತ್ತು, ನಾನಕ್ ಝೀರಾ ಗುರುದ್ವಾರದಲ್ಲಿ ಗುರುನಾನಕ ಜಯಂತಿ ಯಾವತ್ತು, ಎಳ್ಳಮವಾಸೆ ಈ ಸಲ ಕ್ರಿಸ್‌ಮಸ್ಸಿಗೆ ಮುಂಚೆಯೋ ಆಮೇಲೋ, ಕೇಳುವ ಮೊದಲೇ ಹೇಳುತ್ತಾರೆ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಬೀದರಿಗೆ ಬಂದು ಕುದುರೆ ಮಾರಿದ್ದ. ದಾರಿಯಲ್ಲಿ ದರೋಡೆಯಾಗಿ ಪುಸ್ತಕಗಳೆಲ್ಲ ಹೋದವು, ತನ್ನ ಕ್ರೈಸ್ತ ಹಬ್ಬಗಳು ಯಾವಾಗ ಬರುತ್ತವೆ ಅನ್ನುವ ಲೆಕ್ಕವೇ ತಪ್ಪಿತು ಅಂತ ಪಾಪ ಬರೆದುಕೊಂಡಿದ್ದಾನೆ. ಕಾಕು ಆಗ ಇರಲಿಲ್ಲ, ಅವನ ದುರದೃಷ್ಟ. ಈಗ ಇದ್ದಾರೆ, ಇದು ನಮ್ಮದು.

ಓವನ್ನಿನಿಂದ ಶುಂಠಿ, ಲವಂಗ, ಬೆಲ್ಲ ಮೂರೂ ಸೇರಿದ ಘಮ ಕಿಟಕಿ ದಾಟಿತು. ಡಿಸೆಂಬರಿನ ಥಂಡಿ ಗಾಳಿಯಲ್ಲಿ ಅದಕ್ಕೆ ಓಣಿ ದಾಟಲು ಎಷ್ಟು ಹೊತ್ತು? ಕಾಕು ಒಳಗೆ ಬಂದಾಗ ಕೈಯಲ್ಲಿ ವಿಕ್ಸ್ ಡಬ್ಬಿ ಇತ್ತು.

"ಯಾರಿಗಿ ಏನಾಗ್ಯಾದವ್ವಾ?"

"ಏನಿಲ್ರಿ ಕಾಕು. ಕೇಕ್ ಮಾಡ್ಲತೀವಿ."

"ಕೇಕ್ ಅಲ್ಲದು. ಕಷಾಯ ಕುದಿಲತದ. ನನಗ ವಾಸನಿ ತಿಳಿಯಂಗಿಲ್ಲೇನು?"

ನಾನು ಓವನ್ ತೋರಿಸಿದೆ. ಗಾಜಿನ ಹಿಂದೆ ಕಪ್ಪಗೆ ಉಬ್ಬುತ್ತಿದ್ದ ಅದನ್ನು ಬಗ್ಗಿ ನೋಡಿದರು. ನಂಬಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಪಾಟೀಸವಾಲು ಶುರು ಮಾಡಿದರು.

"ಶುಂಠಿ ಹಾಕೀದಿ?"

"ಹೂಂ."

"ಲವಂಗ?"

"ಹೂಂ ರಿ."

"ದಾಲ್ಚಿನ್ನಿ? ಬೆಲ್ಲ?"

"ಹಾಕೀನ್ರಿ ಕಾಕು, ಆದ್ರ..."

"ಮತ್ತ! ಇದಕ್ಕ ಕೇಕ್ ಅಂತಾರೇನು?"

ಮಗಳು ನಡುವೆ ಬಾಯಿ ಹಾಕಿದಳು. "ಆಯೀ, ಮೈದಾನೂ ಹಾಕೀವಿ."

"ಕಷಾಯಕ್ಕ ಮೈದಾ ಯಾಕ ಹಾಕಿದ್ರಿ? ಗಂಟಲಾಗ ಹಿಡ್ಕೊಳ್ಳತದಲ್ಲ!"

ಅಷ್ಟು ಹೇಳಿ ಮಗಳ ಹಣೆಯ ಮೇಲೆ ಕೈಯಿಟ್ಟರು. ಅವಳು ಅಷ್ಟು ಹೊತ್ತೂ ಓವನ್ನಿನ ಮುಂದೆ ಮುಖ ಹಿಡಿದುಕೊಂಡು ಕೂತಿದ್ದಳು, ಹಣೆ ಬಿಸಿ ಇರದೆ ಇನ್ನೇನು? ಕಾಕು ನನ್ನ ಕಡೆ ತಿರುಗಿ, "ನೋಡು, ಮೈ ಸುಡಲತದ. ಮುಚ್ಚಿಡ್ಲತಿ" ಅಂದರು. ಸಾಕ್ಷಿ ಸಿಕ್ಕಿತು, ಕೇಸು ಮುಗಿಯಿತು. ನಾವು ಬೇಡ ಬೇಡ ಅನ್ನುತ್ತಿದ್ದ ಹಾಗೇ ಅವಳ ಹಣೆ, ಮೂಗು, ಕುತ್ತಿಗೆಗೆ ವಿಕ್ಸ್ ಬಿತ್ತು. ಹಚ್ಚುತ್ತಲೇ ಅವರಿಗೆ ಇನ್ನೊಂದು ಅನುಮಾನ ಹೊಳೆಯಿತು. ಅಡುಗೆಮನೆಯಲ್ಲಿದ್ದ ನಾವು ಮೂರು ಜನರನ್ನು ಒಬ್ಬೊಬ್ಬರಾಗಿ ನೋಡಿದರು. ಅತ್ತೆಗೆ ಎಂಬತ್ತು ಹತ್ತಿರ. ನನಗೆ ಐವತ್ತು. ಮಗಳು ಇನ್ನೂ ಓದುವ ಹುಡುಗಿ. ಮೂರೂ ಕಡೆ ದಾರಿ ಬಂದ್. ದನಿ ತಗ್ಗಿಸಿ, "ಖರೇ ಹೇಳು, ನಿನ್ನ ನಾದಿನಿ ಬಂದಾಳೇನು ಬಾಣಂತನಕ್ಕ?" ಅಂದರು.

ಬಸವಕಲ್ಯಾಣದ ನನ್ನ ನಾದಿನಿಗೆ ಮೊಮ್ಮಗನಿದ್ದಾನೆ. ಹಾಗಂತ ಹೇಳಿದೆ. ಕಾಕು ನಕ್ಕು ಹೋದರು. ಆ ನಗೆ ನನಗೆ ಇಷ್ಟವಾಗಲಿಲ್ಲ.

ಆಮೇಲೆ ಏನಾಯಿತು ಅಂತ ವಿವರವಾಗಿ ಹೇಳಬೇಕಿಲ್ಲ, ನಿಮ್ಮ ಓಣಿಯಲ್ಲೂ ಒಬ್ಬರು ಇರುತ್ತಾರಲ್ಲ. ನೆಗಡಿ ನಮ್ಮ ಗೇಟು ದಾಟುವಾಗ ಜ್ವರವಾಗಿತ್ತು, ತಿರುವಿನ ಕಿರಾಣಿ ಅಂಗಡಿ ಮುಟ್ಟುವಾಗ ಡೆಂಗಿ. ನಮ್ಮನೆಯವರ ಆಫೀಸಿಗೆ ಯಾರೋ ಫೋನ್ ಮಾಡಿ, ಪ್ಲೇಟ್‌ಲೆಟ್ ಎಷ್ಟದ ಅಂತ ಕೇಳಿದರಂತೆ. ಇವರೋ, ನನ್ನನ್ನು ಕೇಳದೆ, "ಪರವಾಗಿಲ್ಲ, ಈಗ ಆರಾಮ" ಅಂದುಬಿಟ್ಟಿದ್ದಾರೆ. ಏನೂ ಗೊತ್ತಿಲ್ಲದಾಗ ಹಾಗೆ ಹೇಳುವುದು ಇವರ ರೂಢಿ. ರಾತ್ರಿ ಬಸವಕಲ್ಯಾಣದಿಂದ ನಾದಿನಿಯ ಫೋನು ಬಂತು.

"ವೈನೀ, ನನಗ ಕೂಸು ಆಗ್ಯಾದಂತ. ಗಂಡೋ ಹೆಣ್ಣೋ, ಅದರ ಹೇಳ್ರಿ."

ಈ ಕೇಕಿಗೆ ಒಂದು ಗುಣವಿದೆ. ಮಾಡಿದ ದಿನ ತಿನ್ನಬಾರದು. ಗಾಳಿಯಾಡದ ಹಾಗೆ ಸುತ್ತಿ ಎರಡು ದಿನ ಇಟ್ಟರೆ ಮೇಲ್ಮೈ ಮೆತ್ತಗಾಗಿ ಅಂಟು ಬರುತ್ತದೆ, ಮಸಾಲೆ ಒಂದರೊಳಗೊಂದು ಕೂಡಿಕೊಳ್ಳುತ್ತದೆ. ಬರೆದವರು ಸುಲಭವಾಗಿ ಬರೆದಿದ್ದಾರೆ. ಅವರ ಮನೆಗೆ ರೋಗಿಯನ್ನು ನೋಡಲು ಯಾರೂ ಬರುವುದಿಲ್ಲ ಅಂತ ಕಾಣುತ್ತದೆ. ನಮ್ಮ ಮನೆಗೆ ಬಂದರು. ಎಳನೀರು, ಮೋಸಂಬಿ, ಪಪ್ಪಾಯಿ ಎಲೆ ತಂದರು. ಮಗಳು ಓಡಾಡುವುದು ನೋಡಿ, "ಅಯ್ಯ, ಮಲಗಸ್ರಿ ಆಕಿಗಿ" ಅಂದರು. ಅಷ್ಟು ದೂರದಿಂದ ಬಂದವರಿಗೆ ಬರೀ ಚಹಾ ಕೊಡಲು ಆಗುತ್ತದೆಯೇ? ಅತ್ತೆ ನನ್ನನ್ನು ಕೇಳದೆಯೇ ಕಪಾಟಿನ ಬಾಗಿಲು ತೆಗೆದರು.

ಅರ್ಧ ಉಳಿಸಿದೆ. ಜಗಳ ಮಾಡಿಯೇ ಉಳಿಸಿದೆ. ಯಾಕೆಂದರೆ ಅದು ನಮಗಲ್ಲ.

ಮಂಗಲಪೇಟೆಯಲ್ಲಿ ಮಗಳಿಗೆ ಪಾಠ ಹೇಳಿದ ಟೀಚರೊಬ್ಬರಿದ್ದರು. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ನಮ್ಮಲ್ಲಿಗೆ ಒಂದು ತಟ್ಟೆ ಬರುತ್ತಿತ್ತು. ಕರ್ಚಿಕಾಯಿ, ಚಕ್ಕಲಿ, ಒಂದು ತುಂಡು ಕೇಕು, ಮೇಲೆ ಅವರೇ ಹೆಣೆದ ಬಿಳಿ ಜಾಳಿಗೆಯ ಬಟ್ಟೆ. ಆ ಬಟ್ಟೆಯ ಒಂದು ಮೂಲೆಯಲ್ಲಿ ದಾರ ಬಿಚ್ಚಿಕೊಂಡಿತ್ತು, ಪ್ರತಿ ವರ್ಷವೂ ಸರಿ ಮಾಡುತ್ತೇನೆ ಅನ್ನುತ್ತಿದ್ದರು. ನಾವು ದೀಪಾವಳಿಗೆ ಅದೇ ತಟ್ಟೆಯಲ್ಲಿ ಶೇಂಗಾ ಹೋಳಿಗೆ ಕಳಿಸುತ್ತಿದ್ದೆವು. ಎಳ್ಳಮವಾಸೆಗೆ ಅವರೂ ನಮ್ಮ ಜೊತೆ ಹೊಲಕ್ಕೆ ಬಂದು, ಭಜ್ಜಿ ಮತ್ತು ಸಜ್ಜೆ ರೊಟ್ಟಿ ತಿಂದು, ಚಪ್ಪಲಿ ಕಳಚಿ ಜೋಳದ ಸಾಲಿನಲ್ಲಿ ಓಡಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಸಿಕಂದರಾಬಾದಿನ ಮಗನ ಮನೆಗೆ ಹೋದರು. ತಟ್ಟೆ ನಮ್ಮಲ್ಲೇ ಉಳಿಯಿತು. ಖಾಲಿ ತಟ್ಟೆ ವಾಪಸ್ ಕೊಡುವ ಹಾಗಿಲ್ಲ, ತುಂಬಿ ಕೊಡೋಣ ಅಂದರೆ ಟೀಚರಿಲ್ಲ. ಕೇಕ್ ಮಾಡೋಣ ಅಂತ ಮಗಳು ಹಠ ಹಿಡಿದದ್ದು ಇದಕ್ಕೇ. ನನಗೆ ಮೊದಲು ಹೇಳಿರಲಿಲ್ಲ.

ರಜೆ ಮುಗಿಸಿ ಅವಳು ತಟ್ಟೆ, ಅರ್ಧ ಕೇಕು ಎರಡೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಸ್ಸಿಗೆ ಬಿಟ್ಟು ಬಂದರೆ ಕಾಕು ನಮ್ಮ ಕಟ್ಟೆ ಮೇಲೆ ಕೂತಿದ್ದರು. ಪಕ್ಕದಲ್ಲಿ ಸ್ಟೀಲ್ ಡಬ್ಬಿ. ನಾನು ಗೇಟು ತೆಗೆಯುವ ಮೊದಲೇ ಮಾತು ಶುರು.

"ಅವತ್ತು ಕೊಟ್ಟೀದಲ್ಲ, ಒಂದು ತುಂಡು. ರಾತ್ರಿ ಮಲಗಾಗ ತಿಂದೆ. ಮುಂಜಾನಿ ಎದ್ದರ ಕಫ ಪೂರಾ ಸಾಫ್. ಖರೇನೇ ಛಲೋ ಔಷಧ ಅದವ್ವಾ."

ಔಷಧ ಅಲ್ಲ ಅಂತ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಡಬ್ಬಿ ತೆರೆದು ತೋರಿಸಿದರು. ಒಳಗೆ ಶುಂಠಿ, ಲವಂಗ, ದಾಲ್ಚಿನ್ನಿ, ಮೇಲೊಂದು ಹಿಪ್ಪಲಿ ಪೊಟ್ಟಣ. ಹುಮನಾಬಾದಿನ ಅವರ ತಂಗಿಗೆ ಕೆಮ್ಮಂತೆ, ಅಷ್ಟು ಮಾಡಿಕೊಡಬೇಕಂತೆ.

"ಬೆಲ್ಲ ಮಾತ್ರ ಹಾಕಬ್ಯಾಡ, ಆಕಿಗಿ ಶುಗರ್ ಅದ. ಬೆಣ್ಣಿನೂ ಬ್ಯಾಡ, ಬಿಪಿ ಅದ. ಮತ್ತ ಆ ಮೈದಾ ಒಂದು ತಗದುಬಿಡು."