ಕರ್ಜನ್ ಹುಟ್ಟಿದ ಮನೆಗೆ ಲಿಫ್ಟ್ ಬೇಕೇ? ಪರ-ವಿರೋಧ

ಇಂಗ್ಲೆಂಡಿನ ಡರ್ಬಿ ಊರಾಚೆ ಕೆಡಲ್‌ಸ್ಟನ್ ಹಾಲ್ ಎಂಬ ಮನೆಯಿದೆ. ಮನೆ ಎನ್ನುವುದು ಅಲ್ಲಿನವರ ಸಂಕೋಚ. ನಮ್ಮ ಕಣ್ಣಿಗೆ ಅದು ಅರಮನೆಯೇ. 1760ರ ದಶಕದಲ್ಲಿ ಸರ್ ನಥಾನಿಯಲ್ ಕರ್ಜನ್ ಕಟ್ಟಿಸಿದ್ದು, ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಕೈಚಳಕ ತೋರಿಸಿದ್ದು. 1987ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. ನೋಡಲೇಬೇಕಾದ ಕೋಣೆಗಳೆಲ್ಲ ಇರುವುದು ಮಹಡಿಯ ಮೇಲೆ. ಮುಂಬಾಗಿಲಿಗೆ ಹೋಗಬೇಕಾದರೆ ಎರಡು ಕವಲಿನ ಕಲ್ಲಿನ ಮೆಟ್ಟಿಲು ಹತ್ತಬೇಕು. ಇಂಥ ಮನೆಗಳ ಮೈ ಕೊರೆದು ಕಾಯಂ ಲಿಫ್ಟ್ ಕೂರಿಸಬೇಕೇ? ಎರಡು ಕಡೆಯ ವಾದವನ್ನೂ ನಾನೇ ಹೂಡಿ ನೋಡಿದ್ದೇನೆ.

ಪರ: ಊರನ್ನೇ ಎತ್ತಿಟ್ಟವರಿಗೆ ಲಿಫ್ಟ್ ಭಾರವೇ?

ಈ ಮನೆಯ ಮುಂದೆ ಕಣ್ಣು ಹಾಯುವಷ್ಟು ದೂರ ಹುಲ್ಲು, ಮರ, ನೀರು. ಅಲ್ಲಿ ಹಿಂದೆ ಒಂದು ಹಳ್ಳಿಯಿತ್ತು. ನೋಟಕ್ಕೆ ಅಡ್ಡ ಬಂತೆಂದು ನಥಾನಿಯಲ್ ಕರ್ಜನ್ ಅದನ್ನು ಕೀಳಿಸಿ ಬೇರೆಡೆಗೆ ಸಾಗಿಸಿದ. ರಸ್ತೆಯನ್ನೂ ತಿರುಗಿಸಿದ. ಉಳಿದದ್ದು ಚರ್ಚ್ ಒಂದೇ. ಒಬ್ಬ ಧಣಿಯ ಕಣ್ಣಿನ ಸುಖಕ್ಕೆ ಇಡೀ ಊರು ಎದ್ದು ಹೋಗಬಹುದಾದರೆ, ಗಾಲಿಕುರ್ಚಿಯಲ್ಲಿ ಬಂದವರಿಗಾಗಿ ಮೂಲೆಯೊಂದರಲ್ಲಿ ನಾಲ್ಕಡಿ ಜಾಗ ಬಿಡಲು ಚರಿತ್ರೆಯ ಹೆಸರು ಹೇಳಿ ತಕರಾರು ತೆಗೆಯುವುದು ಯಾವ ನ್ಯಾಯ?

ಇದು ಮೊದಲಿನಿಂದಲೂ ತೋರಿಸಿಕೊಳ್ಳಲೆಂದೇ ಕಟ್ಟಿದ ಮನೆ. ಕುಟುಂಬದವರು ಪಕ್ಕದ ರೆಕ್ಕೆಯಲ್ಲಿ ವಾಸವಾಗಿದ್ದರು. ನಡುವಿನ ಭವ್ಯ ಭಾಗ ಬಂದವರು ಬೆರಗಾಗಲಿ ಎಂದೇ ಇದ್ದದ್ದು. 1777ರಲ್ಲಿ ಇಂಗ್ಲಿಷ್ ನಿಘಂಟುಕಾರ ಡಾಕ್ಟರ್ ಜಾನ್ಸನ್ ಬಂದಾಗ ಮನೆಯ ಮೇಲ್ವಿಚಾರಕಿ ಗಾರ್ನೆಟ್ ಕೋಣೆ ಕೋಣೆಗೂ ಕರೆದೊಯ್ದು ತೋರಿಸಿದಳು. ಕೈಯಲ್ಲಿ ಚಿತ್ರಗಳ ಪಟ್ಟಿ ಹಿಡಿದ ಅವಳ ಭಾವಚಿತ್ರವೂ ಅಲ್ಲಿದೆ. ಜಾನ್ಸನ್ ಮಾತ್ರ ಮಣಿಯಲಿಲ್ಲ, ಪುರಭವನಕ್ಕಾದರೆ ಒಳ್ಳೆಯದಿತ್ತು ಎಂದುಬಿಟ್ಟ. ನೋಡುಗರಿಗೆಂದೇ ಕಟ್ಟಿದ ಮನೆ ಕೆಲವು ನೋಡುಗರನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸಿದರೆ, ಕೆಟ್ಟದ್ದು ಮನೆಯ ಉದ್ದೇಶವೇ.

ಇನ್ನೊಂದು ವಿಚಿತ್ರ. ಬಂಗಾಳ ಒಡೆದವನೆಂದು ನಮಗೆ ಗೊತ್ತಿರುವ ವೈಸ್‌ರಾಯ್ ಲಾರ್ಡ್ ಕರ್ಜನ್ ಹುಟ್ಟಿದ್ದು ಇದೇ ಮನೆಯಲ್ಲಿ, 1859ರಲ್ಲಿ. ಹರೆಯದಿಂದಲೂ ಅವನಿಗೆ ಬೆನ್ನುಮೂಳೆಯ ತೊಂದರೆ; ಜೀವನವಿಡೀ ಬಿಗಿ ಕವಚ ತೊಟ್ಟೇ ನಡೆದ. ಆ ಸೆಟೆದ ನಿಲುವನ್ನು ಜನ ಸೊಕ್ಕು ಎಂದುಕೊಂಡರು (ಸೊಕ್ಕೂ ಇತ್ತು, ಅದು ಬೇರೆ ಮಾತು). ಕೋಲ್ಕತ್ತಾದಲ್ಲಿ ಅವನು ವಾಸವಿದ್ದ ಸರ್ಕಾರಿ ಭವನ, ಮುಂದೆ ರಾಜಭವನ ಎನಿಸಿದ್ದು, ಕೆಡಲ್‌ಸ್ಟನ್ನಿನ ಮಾದರಿಯಲ್ಲೇ ಕಟ್ಟಿದ್ದು. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಅದರ ಕೆಲಸ ಶುರುಮಾಡಿಸಿದ್ದ. ಆ ನಕಲಿಗೆ ಬ್ರಿಟಿಷರ ಕಾಲದಲ್ಲೇ ಲಿಫ್ಟ್ ಬಂತು. ಅದರಿಂದ ರಾಜಭವನದ ಘನತೆ ಕುಂದಿತೆಂದು ಯಾರೂ ಹೇಳಿಲ್ಲ. ಡರ್ಬಿಶೈರ್‌ನದ್ದೇ ಆದ ಚಾಟ್ಸ್‌ವರ್ತ್‌ನಲ್ಲೂ ನೋಡುಗರಿಗೆ ಲಿಫ್ಟ್ ಇದೆ. ಆ ಮನೆಯೇನೂ ಕುಸಿದು ಬಿದ್ದಿಲ್ಲ.

ಮೆಟ್ಟಿಲು ಹತ್ತುವ ಯಂತ್ರವಿದೆಯಲ್ಲ ಎನ್ನುವವರಿದ್ದಾರೆ. ಕುರ್ಚಿಯನ್ನು ಅದಕ್ಕೆ ಬಿಗಿದು, ಹಿಂದಕ್ಕೆ ವಾಲಿಸಿ, ಸಿಬ್ಬಂದಿಯೊಬ್ಬರು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಏರಿಸಬೇಕು. ಬ್ಯಾಟರಿ ಕುರ್ಚಿಯ ತೂಕ ಅದಕ್ಕೆ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸುತ್ತ ನಿಂತವರೆಲ್ಲ ನೋಡುತ್ತಾರೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಸಮಂಜಸವಾದ ಮಾರ್ಪಾಡು ಮಾಡಿ ಎನ್ನುತ್ತದೆ. ಮನುಷ್ಯನನ್ನು ಪ್ರದರ್ಶನಕ್ಕಿಡುವುದು ಸಮಂಜಸವೇ?

ನಮ್ಮ ಕಡೆಯ ಒಂದು ಹಳೆಯ ಬಂಗಲೆಗೆ ಅತ್ತೆಯವರನ್ನು ಕರೆದೊಯ್ದಿದ್ದೆ. ಹನ್ನೊಂದು ಮೆಟ್ಟಿಲು. ‘ಅದಕ್ಕೇನಮ್ಮ, ಎತ್ತಿಬಿಡುತ್ತೇವೆ’ ಎಂದು ನಾಲ್ವರು ಹುಡುಗರು ಕುರ್ಚಿ ಸಮೇತ ಎತ್ತಿದರು. ಒಳ್ಳೆಯ ಹುಡುಗರೇ. ಅತ್ತೆಯವರು ಮಾತ್ರ ಮೇಲೆ ಮುಟ್ಟುವವರೆಗೂ ಒಂದು ಕೈಯಲ್ಲಿ ಕುರ್ಚಿಯ ತೋಳು ಹಿಡಿದು, ಇನ್ನೊಂದರಲ್ಲಿ ಮೊಣಕಾಲ ಮೇಲಿನ ಸೀರೆಯನ್ನು ಒತ್ತಿ ಹಿಡಿದಿದ್ದರು. ಗೋಡೆಯ ಗಾರೆಯ ಮಾತಾಡುವವರು ಆ ಎರಡನೆಯ ಕೈಯನ್ನು ನೋಡಬೇಕಿತ್ತು.

ವಿರೋಧ: ಕೊರೆದದ್ದು ಮತ್ತೆ ಕೂಡುವುದಿಲ್ಲ

ಮೊದಲು ಒಂದು ದುರ್ಬಲ ವಾದವನ್ನು ನಾನೇ ಕೈಬಿಡುತ್ತೇನೆ. ಮೆಟ್ಟಿಲು ಹತ್ತಿ, ಕಂಬಸಾಲು ದಾಟಿ, ಇಪ್ಪತ್ತು ಅಲಾಬಾಸ್ಟರ್ ಕಲ್ಲಿನ ಕಂಬಗಳ ಮಾರ್ಬಲ್ ಹಾಲ್‌ಗೆ ಕಾಲಿಡುವುದೇ ಆಡಮ್ ಉದ್ದೇಶಿಸಿದ ಅನುಭವ. ಲಿಫ್ಟಿನಲ್ಲಿ ಹೋದರೆ ಅದು ಸಿಗದು ಎನ್ನುತ್ತಾರೆ. ಹತ್ತಲಾರದವರಿಗೆ ಹತ್ತುವ ಸೊಗಸನ್ನು ವರ್ಣಿಸುವುದು ಹಸಿದವರ ಮುಂದೆ ಹೋಳಿಗೆಯ ಮಾತಾಡಿದಂತೆ.

ಊರು ಎತ್ತಿಸಿದ ಕಥೆ ಕೇಳಲು ಚೆನ್ನಾಗಿದೆ. ಆದರೆ ಹಾಗೆ ಊರು ಎತ್ತಿಸಿದ್ದೇ ತಪ್ಪು ಕೆಲಸ. ಧಣಿಯ ದರ್ಪವನ್ನೇ ನಮ್ಮ ಅಳತೆಗೋಲು ಮಾಡಿಕೊಳ್ಳುವುದೇ? ರಾಜಭವನದ ಹೋಲಿಕೆಯೂ ನಿಲ್ಲುವುದಿಲ್ಲ: ಅದು ರಾಜ್ಯಪಾಲರು ಬದುಕುತ್ತಿರುವ ಮನೆ, ಬದುಕುವ ಮನೆ ಬದಲಾಗುತ್ತಲೇ ಇರುತ್ತದೆ. ಕೆಡಲ್‌ಸ್ಟನ್ನಿನ ನಡುಭಾಗ ಆಭರಣದ ಪೆಟ್ಟಿಗೆಯಿದ್ದಂತೆ. ಎಡಕ್ಕೆ ಬಲ ಜೋಡಿ, ಬಾಗಿಲಿಗೆ ಬಾಗಿಲು ಎದುರು. ನಾಲ್ಕಡಿ ಮೂಲೆ ಎನ್ನುತ್ತೀರಿ, ಅಲ್ಲಿ ವ್ಯರ್ಥವಾದ ಮೂಲೆಯಾದರೂ ಎಲ್ಲಿದೆ? ಲಿಫ್ಟಿಗೆ ಕೆಳಗೆ ಗುಂಡಿ ಬೇಕು, ಮೇಲೆ ಎತ್ತರ ಬೇಕು, ನಡುವೆ ನೆಲ ಕತ್ತರಿಸಬೇಕು. ಅಲ್ಲಿನ ಗಾರೆಯ ಕುಸುರಿ ಜೋಸೆಫ್ ರೋಸ್‌ನದು. ಒಡೆದರೆ ಮಾಡಿಕೊಡಲು ಅವನಿಲ್ಲ. ಯಂತ್ರ ಕೆಲವು ದಶಕಗಳಲ್ಲಿ ಹಳತಾಗಿ ಗುಜರಿಗೆ ಹೋಗುತ್ತದೆ, ತೂತು ಉಳಿಯುತ್ತದೆ.

ತೂತಿನಿಂದ ಅಂದ ಕೆಡುವುದಷ್ಟೇ ಅಲ್ಲ. 2015ರಲ್ಲಿ ಸರ್ರೆಯ ಕ್ಲಾಂಡನ್ ಪಾರ್ಕ್ ಸುಟ್ಟುಹೋಯಿತು, ಅದೂ ನ್ಯಾಷನಲ್ ಟ್ರಸ್ಟಿನದೇ. ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿ ಮನೆಯೊಳಗಿನ ಟೊಳ್ಳುಗಳನ್ನು ಹಿಡಿದು ಚಾವಣಿಗೆ ಏರಿತು. ಹಳೆಯ ಮನೆಯಲ್ಲಿ ತಳದಿಂದ ತಲೆವರೆಗೆ ಹೊಸ ಟೊಳ್ಳೊಂದನ್ನು ಮಾಡುವ ಮುನ್ನ ಎರಡು ಸಲ ಯೋಚಿಸಬೇಕು. ಬೆಂಕಿ ಬಿದ್ದಾಗ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ಮೇಲಿರುವವರನ್ನು ಇಳಿಸಲು ಕೊನೆಗೆ ಬೇಕಾಗುವುದು ಮೆಟ್ಟಿಲು, ವಿಶೇಷ ಕುರ್ಚಿ, ತರಬೇತಾದ ಕೈಗಳು.

ನನ್ನ ದೊಡ್ಡ ತಕರಾರು ಇನ್ನೊಂದಿದೆ. ಲಿಫ್ಟ್ ಎಂದ ಕೂಡಲೇ ಅಂಗವಿಕಲತೆ ಎಂದರೆ ಗಾಲಿಕುರ್ಚಿ ಎಂದಾಗಿಬಿಡುತ್ತದೆ. ಹಳೆಯ ರೇಷ್ಮೆ, ಕಸೂತಿ ಮಾಸದಿರಲೆಂದು ಈ ಮನೆಗಳಲ್ಲಿ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿಗೆ ಇಳಿಸಿರುತ್ತಾರೆ. ಕಣ್ಣು ಮಂಜಾದವರಿಗೆ ಅದು ಕತ್ತಲೆಯೇ. ಕಾಣದವರಿಗೆ ಮುಟ್ಟಲು ಏನಿದೆ? ಕಿವಿ ಕೇಳದವರಿಗೆ ಮಾರ್ಗದರ್ಶಿಯ ಮಾತು ಯಾರು ತಲುಪಿಸುತ್ತಾರೆ? ಕುರ್ಚಿಗಳಿಗೆಲ್ಲ ಹಗ್ಗ ಬಿಗಿದಿದ್ದರೆ ಮಂಡಿನೋವಿನವರು ಎಲ್ಲಿ ಕೂರಬೇಕು? ಅಂಗಳದ ಜಲ್ಲಿಯಲ್ಲಿ ಮುಂದಿನ ಪುಟ್ಟ ಗಾಲಿ ಹೂತರೆ ಕುರ್ಚಿಯನ್ನು ಹಿಂದುಮುಂದಾಗಿ ಎಳೆದುಕೊಂಡೇ ಬಾಗಿಲು ಸೇರಬೇಕು. ಲಿಫ್ಟ್ ಇದ್ದರೂ ಅಲ್ಲಿಯವರೆಗೆ ಬರುವುದು ಹೇಗೆ? ಇವಕ್ಕೆಲ್ಲ ಗೋಡೆ ಕೊರೆಯಬೇಕಿಲ್ಲ, ಆದರೆ ಹಣ ಬೇಕು. ಲಿಫ್ಟಿಗೆ ಸುರಿದ ಮೇಲೆ ಇವಕ್ಕೆ ಎಷ್ಟು ಉಳಿದೀತು? ಉದ್ಘಾಟನೆಯ ಫೋಟೋಗೆ ಲಿಫ್ಟ್ ಒದಗುತ್ತದೆ, ಕುರ್ಚಿಯಿಂದ ಬಿಚ್ಚಿದ ಹಗ್ಗ ಒದಗುವುದಿಲ್ಲ.

ನಮ್ಮ 1904ರ ಸ್ಮಾರಕ ಸಂರಕ್ಷಣಾ ಕಾಯ್ದೆ ಬಂದದ್ದು ಕರ್ಜನ್ ಕಾಲದಲ್ಲೇ. ಮುಟ್ಟಬೇಡಿ ಎನ್ನುವ ಆ ಗುಣ ನಮ್ಮ ಪುರಾತತ್ವದವರಿಗೂ ಅಂಟಿದೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮುಟ್ಟಿ, ಆದರೆ ನಾಳೆ ಬಿಚ್ಚಿ ತೆಗೆಯುವಂತೆ ಮುಟ್ಟಿ: ಮರದ ಇಳಿಜಾರು, ಗಟ್ಟಿ ಕಾಲುದಾರಿ, ಇನ್ನೂ ಒಳ್ಳೆಯ ಹತ್ತುವ ಯಂತ್ರ, ನೋಡುಗರು ಗುಂಪುಗೂಡದ ಹೊತ್ತು.

ಅತ್ತೆಯವರ ಕಥೆಯನ್ನು ಮೇಲೆ ಅರ್ಧಕ್ಕೆ ನಿಲ್ಲಿಸಿದ್ದೆ. ಮಹಡಿ ಮುಟ್ಟಿ ಸೀರೆ ಸರಿಮಾಡಿಕೊಂಡ ಮೇಲೆ ಅವರು ಮೊದಲು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು. ಅದು ಕೆಳಗಡೆ, ಹಿತ್ತಿಲಲ್ಲಿತ್ತು. ಹುಡುಗರು ಮತ್ತೆ ಕುರ್ಚಿ ಎತ್ತಿದರು.